ಚುಕ್ಕೆ ಮಾಯವಾದರೂ ರೋಗ ಹೋಗುವುದಿಲ್ಲ

ಮೀನಿನ ಮೈಮೇಲಿನ ಬಿಳಿ ಚುಕ್ಕೆ ಮಾಯವಾದರೆ ರೋಗ ಗುಣವಾಯಿತು ಎಂಬ ನಂಬಿಕೆಯಷ್ಟು ನನಗೆ ಸಿಟ್ಟು ತರಿಸುವುದು ಇನ್ನೊಂದಿಲ್ಲ. ರಾಮಕುಂಜ, ಕಡಬ, ಸುಳ್ಯ, ಪುತ್ತೂರು ಕಡೆ ಉಪ್ಪುನೀರಿನ ಅಕ್ವೇರಿಯಂ ಇಟ್ಟವರು ಬೆರಳೆಣಿಕೆಯ ಮಂದಿ. ಅವರಲ್ಲಿ ಯಾರದ್ದಾದರೂ ಫೋನ್ ಬಂದರೆ ಕಥೆ ಬಹುಪಾಲು ಒಂದೇ. "ಅಣ್ಣಾ, ಹೊಸ ಮೀನು ತಂದು ಬಿಟ್ಟದ್ದು. ನಾಲ್ಕು ದಿನದಲ್ಲಿ ಉಪ್ಪಿನ ಕಣದ ಹಾಗೆ ಚುಕ್ಕೆ ಬಂತು. ಬೆಳ್ಳುಳ್ಳಿ ರಸ ಹಾಕಿ ತಿನ್ನಿಸಿದೆವು, ಚುಕ್ಕೆ ಎಲ್ಲ ಹೋಯ್ತು. ಈಗ ನೋಡಿದರೆ ಹಳೇ ಮೀನುಗಳೂ ಸೇರಿ ಒಮ್ಮೆಗೇ ಸಾಯ್ತಾ ಉಂಟು. ನೀರಿಗೆ ಏನೋ ಆಗಿರಬೇಕು."

ನೀರಿಗೆ ಏನೂ ಆಗಿಲ್ಲ. ಬೆಳ್ಳುಳ್ಳಿಯಿಂದ ಚುಕ್ಕೆ ಹೋದದ್ದೂ ಅಲ್ಲ. ಅದು ಹೋಗುವ ದಿನ ಬಂದಿತ್ತು, ಹೋಯಿತು.

ಈ ರೋಗ ತರುವ ಏಕಕೋಶ ಪರಾವಲಂಬಿಯ ಹೆಸರು ಕ್ರಿಪ್ಟೋಕ್ಯಾರಿಯಾನ್ ಇರಿಟಾನ್ಸ್. ಜಪಾನಿನ ಸಿಕಾಮಾ 1937ರಲ್ಲೇ ಸಮುದ್ರದ ಮೀನುಗಳಲ್ಲಿ ಇದನ್ನು ವಿವರಿಸಿದ್ದರು; ಈಗಿನ ಹೆಸರು ಬಂದದ್ದು 1951ರಲ್ಲಿ. ನಾವು ಚುಕ್ಕೆ ಎಂದು ನೋಡುವುದು ಅದರ ಬದುಕಿನ ನಾಲ್ಕು ಹಂತಗಳಲ್ಲಿ ಒಂದನ್ನು ಮಾತ್ರ. ಚರ್ಮದ ಮೇಲ್ಪದರದ ಕೆಳಗೆ, ಕಿವಿರಿನೊಳಗೆ ಹೊಕ್ಕು ಮೂರರಿಂದ ಏಳು ದಿನ ಮೀನಿನ ಜೀವಕೋಶಗಳನ್ನೂ ದ್ರವವನ್ನೂ ತಿಂದು ಕೊಬ್ಬುವ ಹಂತ ಅದು. ಹೊಟ್ಟೆ ತುಂಬಿದ ಮೇಲೆ ಅದು ಮೀನನ್ನು ತಾನಾಗಿ ಬಿಟ್ಟು ಇಳಿಯುತ್ತದೆ, ಹೆಚ್ಚಾಗಿ ಕತ್ತಲಲ್ಲಿ. ಅದಕ್ಕೇ ಸಂಜೆ ಕಂಡ ಚುಕ್ಕೆ ಬೆಳಗಾಗುವಾಗ ಇರುವುದಿಲ್ಲ. ಇಳಿದದ್ದು ಮರಳಿನ ಮೇಲೋ ಕಲ್ಲಿನ ಮೇಲೋ ಕೆಲವು ಗಂಟೆ ತೆವಳಿ, ಸುತ್ತ ಗಟ್ಟಿ ಕೋಶ ಕಟ್ಟಿಕೊಂಡು, ಒಳಗೊಳಗೆ ಒಡೆದು ಒಡೆದು ಇನ್ನೂರರವರೆಗೆ ಮರಿಗಳಾಗುತ್ತದೆ. ಮನೆಯವರು ರೋಗ ಹೋಯಿತೆಂದು ಸಂತೋಷಪಡುವ ವಾರ ಇದೇ. ಆಮೇಲೆ ಕೋಶ ಒಡೆದು ಮರಿಗಳು ಈಜುತ್ತಾ ಹೊರಬರುತ್ತವೆ. ಒಂದೆರಡು ದಿನದೊಳಗೆ ಮೀನು ಸಿಗದಿದ್ದರೆ ಅವು ಸಾಯುತ್ತವೆ. ಕಡಲಲ್ಲಿ ಹೆಚ್ಚಿನವಕ್ಕೆ ಸಿಗುವುದೇ ಇಲ್ಲ, ನೀರು ಅಷ್ಟು ವಿಶಾಲ. ನಾಲ್ಕಡಿ ಗಾಜಿನ ಪೆಟ್ಟಿಗೆಯಲ್ಲಿ ಹುಡುಕುವ ಕಷ್ಟವೇ ಇಲ್ಲ. ಹೀಗೆ ಮೊದಲ ಸುತ್ತಿನಲ್ಲಿ ಹತ್ತು ಚುಕ್ಕೆ ಇದ್ದ ಮೀನಿಗೆ ಎರಡನೇ ಸುತ್ತಿನಲ್ಲಿ ಲೆಕ್ಕ ತಪ್ಪುವಷ್ಟು ಬರುತ್ತವೆ, ಮೂರನೇ ಸುತ್ತಿಗೆ ಕಿವಿರು ಹರಿದು ಉಸಿರು ಕಟ್ಟುತ್ತದೆ.

ಹೆಚ್ಚಿನ ಕೋಶಗಳು ಒಂದು ವಾರದ ಆಸುಪಾಸಿನಲ್ಲಿ ಒಡೆಯುತ್ತವೆ. ಎಲ್ಲವೂ ಹಾಗಲ್ಲ. ಪ್ರಯೋಗಾಲಯದಲ್ಲಿ ಒಂದೇ ದಿನ ಇಳಿದ ಕೋಶಗಳಲ್ಲಿ ಕೊನೆಯದು ಒಡೆದದ್ದು 72ನೇ ದಿನ. ತಿಂಗಳು ಕಳೆಯಿತು, ಇನ್ನೇನು ಹೆದರಿಕೆ ಎನ್ನುವವರು ಈ ಅಂಕಿಯನ್ನು ಗೋಡೆಯ ಮೇಲೆ ಬರೆದಿಡಬೇಕು.

ಇದರ ಜೊತೆಗೇ ಬರುವ ಇನ್ನೊಂದು ಮಾತು, ಗಟ್ಟಿ ಮೀನಿಗೆ ರೋಗ ತಾಗುವುದಿಲ್ಲ ಎಂಬುದು. ಒಮ್ಮೆ ಈ ರೋಗ ಬಂದು ಬದುಕಿದ ಮೀನಿಗೆ ಕೆಲವು ತಿಂಗಳು ತಡೆದುಕೊಳ್ಳುವ ಶಕ್ತಿ ಬರುವುದು ಸರಿ. ಆದರೆ ಆ ಮೀನು ಒಂದೆರಡು ಪರಾವಲಂಬಿಗಳನ್ನು ಕಿವಿರಿನಲ್ಲಿ ಇಟ್ಟುಕೊಂಡೇ ಚೆನ್ನಾಗಿ ತಿನ್ನುತ್ತ, ಬಣ್ಣ ಬಿಟ್ಟು ಓಡಾಡುತ್ತಿರುತ್ತದೆ. ಅಂಗಡಿಯಲ್ಲಿ ನೀವು ಮೆಚ್ಚಿ ಆರಿಸಿದ್ದು ಅದನ್ನೇ ಆಗಿರಬಹುದು. ಕಿವಿರಿನ ಒಳಗಿನ ಚುಕ್ಕೆ ಯಾರ ಕಣ್ಣಿಗೂ ಬೀಳುವುದಿಲ್ಲ.

ನಮ್ಮ ಕಡೆಯವರಿಗೆ ಇದು ಅರ್ಥವಾಗದಿರಲು ಕಾರಣವೇ ಇಲ್ಲ, ನನ್ನ ಬೇಸರ ಇರುವುದು ಇಲ್ಲಿ. ಅಡಿಕೆ ಬೆಳೆಗಾರರ ಊರು ನಮ್ಮದು. ಕೊಳೆರೋಗಕ್ಕೆ ಮದ್ದು ಬಿಡುವುದು ಯಾವಾಗ? ಕಾಯಿ ಉದುರಿದ ಮೇಲೆ ಅಲ್ಲ. ಮಳೆ ಹಿಡಿಯುವ ಮೊದಲೇ ಒಂದು ಸಲ, ನಲವತ್ತು ನಲವತ್ತೈದು ದಿನ ಬಿಟ್ಟು ಇನ್ನೊಂದು ಸಲ. ಗೊನೆಯಲ್ಲಿ ಒಂದು ಕಲೆಯೂ ಇಲ್ಲದಿರುವಾಗಲೇ ಮರ ಹತ್ತಿಸಿ ಬೋರ್ಡೋ ಸಿಂಪಡಿಸುತ್ತೇವೆ. ರೋಗದ ಬೀಜಾಣು ನೀರಿನಲ್ಲಿ ಈಜಿ ಬಂದು ಕಾಯಿಗೆ ಕೂರುವ ಹೊತ್ತಿಗೆ ತಾಮ್ರ ಅಲ್ಲಿ ಕಾದಿರಬೇಕು ಎಂಬುದು ಇಲ್ಲಿ ಶಾಲೆಗೆ ಹೋಗದ ಹಿರಿಯರಿಗೂ ಗೊತ್ತು. ಕ್ರಿಪ್ಟೋಕ್ಯಾರಿಯಾನ್ ವಿಷಯದಲ್ಲೂ ಅಷ್ಟೆ. ಚರ್ಮದ ಒಳಗಿರುವಾಗ ಅದಕ್ಕೆ ಔಷಧಿ ತಾಗುವುದಿಲ್ಲ, ಕೋಶದೊಳಗಿರುವಾಗ ತಾಗುವುದಿಲ್ಲ. ಈಜುತ್ತಾ ಹೊರಬಂದ ಆ ಒಂದೆರಡು ದಿನದಲ್ಲಿ ಮಾತ್ರ ತಾಗುತ್ತದೆ. ಹಾಗಾಗಿ ಔಷಧಿ ವಾರಗಟ್ಟಲೆ ನೀರಿನಲ್ಲಿ ಒಂದೇ ಪ್ರಮಾಣದಲ್ಲಿ ಇರಬೇಕು. ಆ ಔಷಧಿಯೂ ತಾಮ್ರವೇ.

ಹೀಗೆ ಹೇಳಿದ ಕೂಡಲೇ ಕೆಲವರ ಕಣ್ಣು ಕೊಟ್ಟಿಗೆಯ ಮೂಲೆಯ ಮೈಲುತುತ್ತಿನ ಚೀಲದ ಕಡೆ ತಿರುಗುತ್ತದೆ. ದಯವಿಟ್ಟು ಬೇಡ. ಶೇಕಡಾ ಒಂದರ ಬೋರ್ಡೋಗೆ 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತು ಹಾಕುತ್ತೇವೆ. ಅದರಲ್ಲಿ ಲೀಟರಿಗೆ ಸುಮಾರು 2,500 ಮಿಲಿಗ್ರಾಂ ತಾಮ್ರ. ಮೀನಿನ ಟ್ಯಾಂಕಿಗೆ ಬೇಕಾದದ್ದು ಲೀಟರಿಗೆ 0.15ರಿಂದ 0.20 ಮಿಲಿಗ್ರಾಂ. ಹನ್ನೆರಡು ಸಾವಿರ ಪಟ್ಟಿಗೂ ಹೆಚ್ಚಿನ ಅಂತರ. 80 ಲೀಟರಿನ ತೊಟ್ಟಿಗೆ ಅರುವತ್ತು ಮಿಲಿಗ್ರಾಂ ಚಿಲ್ಲರೆ ಮೈಲುತುತ್ತು ಸಾಕಾಗುತ್ತದೆ ಎಂದರೆ ಅದನ್ನು ತೂಗುವ ತಕ್ಕಡಿ ನಮ್ಮ ಮನೆಗಳಲ್ಲಿಲ್ಲ. ತೋಟದ ಮೈಲುತುತ್ತಿನಲ್ಲಿ ಬೇರೆ ಏನೇನು ಬೆರೆತಿದೆಯೋ ಅದೂ ತಿಳಿಯದು. 0.15ಕ್ಕಿಂತ ಕೆಳಗೆ ಇಳಿದರೆ ಪರಾವಲಂಬಿಗೆ ಏನೂ ಆಗುವುದಿಲ್ಲ, ಸ್ವಲ್ಪ ಮೇಲೆ ಹೋದರೆ ಮೀನೇ ಸಾಯುತ್ತದೆ. ಅಕ್ವೇರಿಯಂಗೆಂದೇ ತಯಾರಿಸಿದ ತಾಮ್ರದ ದ್ರಾವಣ, ಅದಕ್ಕೆ ಹೊಂದುವ ಪರೀಕ್ಷೆಯ ಕಿಟ್, ಇವೆರಡೂ ಒಟ್ಟಿಗೆ ಬೇಕು. ಚಿಲೇಟೆಡ್ ತಾಮ್ರದ ಪ್ರಮಾಣ ಬೇರೆಯೇ, ಬಾಟಲಿಯ ಮೇಲೆ ಬರೆದದ್ದನ್ನೇ ನೋಡಬೇಕು.

ತಾಮ್ರ ಬಸವನಹುಳು, ಸಿಗಡಿ, ಹವಳ ಎಲ್ಲವನ್ನೂ ಕೊಲ್ಲುತ್ತದೆ. ಸುಣ್ಣದ ಅಂಶ ಇರುವ ಕಲ್ಲು, ಮರಳು ತಾಮ್ರವನ್ನು ಹೀರಿಕೊಂಡು ನೀರಿನಲ್ಲಿ ಪ್ರಮಾಣ ಉಳಿಯದಂತೆ ಮಾಡುತ್ತವೆ. ಆದ್ದರಿಂದ ಹವಳ ಮತ್ತು ಕಲ್ಲು ಇರುವ ದೊಡ್ಡ ಟ್ಯಾಂಕಿಗೆ ಈ ಮದ್ದು ಹಾಕುವಂತೆಯೇ ಇಲ್ಲ. ಬೇರೆ ಟ್ಯಾಂಕ್ ಬೇಕೆಂಬುದಕ್ಕೆ ಇದಕ್ಕಿಂತ ದೊಡ್ಡ ಕಾರಣ ಬೇಡ. ಕ್ವಾರಂಟೈನ್ ಟ್ಯಾಂಕ್ ಎಂದರೆ ಶ್ರೀಮಂತರ ಶೋಕಿ, ಎರಡು ಟ್ಯಾಂಕಿನ ಖರ್ಚು ಯಾರಿಗೆ ಬೇಕು ಎಂಬ ಮಾತು ಕೇಳಿದಾಗ ತಾಳ್ಮೆ ಕೆಡುತ್ತದೆ. ದೊಡ್ಡ ಟ್ಯಾಂಕಿನಲ್ಲಿ ಸತ್ತ ಮೀನುಗಳ ಬೆಲೆ ಕೂಡಿಸಿ ನೋಡಲಿ.

ಬೇಕಾದದ್ದು ಎರಡಡಿ ಉದ್ದದ, ಎಂಬತ್ತು ಲೀಟರಿನ ಖಾಲಿ ಗಾಜಿನ ತೊಟ್ಟಿ. ಮರಳು ಬೇಡ, ಕಲ್ಲು ಬೇಡ, ಅಲಂಕಾರ ಬೇಡ. ಮೀನು ಅಡಗಲು ಪಿವಿಸಿ ಪೈಪಿನ ಎಲ್ಬೋ, ಟೀ ಎರಡು ಮೂರು. ತೋಟಕ್ಕೆ ಪೈಪ್ ಹಾಕಿದ ಮನೆಯಲ್ಲಿ ಇವು ಎಲ್ಲೋ ಬಿದ್ದಿರುತ್ತವೆ. ಒಂದು ಸ್ಪಂಜ್ ಫಿಲ್ಟರ್, ಗಾಳಿ ಪಂಪ್, ಒಂದು ಹೀಟರ್. ನಮ್ಮ ಸೆಕೆಗೆ ಹೀಟರ್ ಯಾಕೆ ಎಂದು ಕೇಳುವವರು ಧನುರ್ಮಾಸದ ನಸುಕಿನಲ್ಲಿ ಬರಿಗಾಜಿನ ಸಣ್ಣ ತೊಟ್ಟಿಯ ನೀರಿಗೆ ಕೈ ಹಾಕಿ ನೋಡಬಹುದು. ಮಳೆಗಾಲದಲ್ಲಿ ಲೈನಿನ ಮೇಲೆ ಮರ ಬಿದ್ದು ಕರೆಂಟ್ ಹೋದರೆ ಯಾವಾಗ ಬರುತ್ತದೆಂದು ಹೇಳಲಾಗದ ಊರಿನಲ್ಲಿ ಬ್ಯಾಟರಿಯ ಗಾಳಿ ಪಂಪ್ ಇಲ್ಲದೆ ಮೀನು ತರಲೇಬಾರದು. ಮೊದಲು ಪಂಪ್, ಆಮೇಲೆ ಮೀನು.

ಸ್ಪಂಜಿನ ವಿಷಯದಲ್ಲಿ ಹೆಚ್ಚಿನವರು ಎಡವುತ್ತಾರೆ. ಹೊಸ ಸ್ಪಂಜಿನಲ್ಲಿ ಅಮೋನಿಯಾ ತಿನ್ನುವ ಬ್ಯಾಕ್ಟೀರಿಯಾ ಇರುವುದಿಲ್ಲ. ಮೀನು ತರುವ ಯೋಚನೆ ಬಂದ ದಿನವೇ ಅದನ್ನು ಹಳೇ ಟ್ಯಾಂಕಿನ ನೀರೊಳಗೆ ಒಂದು ತಿಂಗಳು ಇಟ್ಟರೆ ಅಲ್ಲಿ ಬ್ಯಾಕ್ಟೀರಿಯಾ ಕೂರುತ್ತದೆ. ಹಾಗೆ ಮಾಡದೆ, ಮೂರು ದಿನದಲ್ಲಿ ಅಮೋನಿಯಾಕ್ಕೆ ಮೀನು ಸತ್ತಾಗ, ಕ್ವಾರಂಟೈನ್ ಮಾಡಿದ್ದರಿಂದಲೇ ಸತ್ತಿತು ಎಂದು ಊರೆಲ್ಲ ಹೇಳಿಕೊಂಡು ಬರುತ್ತಾರೆ. ದಿನವೂ ಅಮೋನಿಯಾ ನೋಡಿ, ಏರಿದರೆ ನೀರು ಬದಲಿಸಿ; ಬದಲಿಸುವ ನೀರಿನಲ್ಲೂ ಅಷ್ಟೇ ಉಪ್ಪು, ಅಷ್ಟೇ ತಾಮ್ರ ಇರಲಿ. ತಾಮ್ರ ಇರುವ ನೀರಿಗೆ ಅಮೋನಿಯಾ ತಣಿಸುವ ದ್ರಾವಣ ಸುರಿಯಬೇಡಿ, ಅವೆರಡೂ ಸೇರಿದರೆ ತಾಮ್ರದ ವಿಷ ಹೆಚ್ಚುತ್ತದೆ. ಇದ್ದಿಲು ಹಾಕಬೇಡಿ, ಅದು ತಾಮ್ರವನ್ನು ಎಳೆದುಕೊಳ್ಳುತ್ತದೆ. ಬಲೆ, ಬಕೆಟ್ ಎಲ್ಲ ಬೇರೆಯೇ ಇರಲಿ. ತೊಟ್ಟಿಗೆ ಮುಚ್ಚಳ ಬೇಕು, ದೊಡ್ಡ ಟ್ಯಾಂಕಿನಿಂದ ಹತ್ತಡಿಗಿಂತ ದೂರವೂ ಬೇಕು. ವೆಲ್ವೆಟ್ ಎಂಬ ಇನ್ನೊಂದು ರೋಗದ, ಅಂದರೆ ಅಮೈಲೋಡಿನಿಯಂ ಕಣಗಳು ಗಾಳಿಗುಳ್ಳೆ ಒಡೆದ ಸೂಕ್ಷ್ಮ ಹನಿಗಳಲ್ಲಿ ಮೂರು ಮೀಟರ್‌ವರೆಗೆ ಹಾರಿದ್ದು ಪ್ರಯೋಗದಲ್ಲಿ ಕಂಡಿದೆ. ಆ ವೆಲ್ವೆಟ್ ಬಂದರೆ ಚುಕ್ಕೆ ಕಾಣುವವರೆಗೂ ಕಾಯಲು ಆಗುವುದಿಲ್ಲ, ಎರಡು ಮೂರು ದಿನಕ್ಕೇ ಟ್ಯಾಂಕ್ ಖಾಲಿಯಾಗುತ್ತದೆ. ತಾಮ್ರ ಅದಕ್ಕೂ ಮದ್ದು.

ಮೀನು ತಿನ್ನಲು ತೊಡಗಿದ ಮೇಲೆ ಎರಡು ದಿನದಲ್ಲಿ ನಿಧಾನಕ್ಕೆ ತಾಮ್ರ ಏರಿಸಿ, ನಾಲ್ಕು ವಾರ ಅದೇ ಮಟ್ಟದಲ್ಲಿ ಇಡಬೇಕು. ದಿನವೂ ಅಳೆಯಬೇಕು, ಸಮುದ್ರದ ನೀರಿನಲ್ಲಿ ತಾಮ್ರ ತಳ ಸೇರುತ್ತಾ ಹೋಗುತ್ತದೆ. ಅದು ಮುಗಿದ ಮೇಲೆ ಚರ್ಮ, ಕಿವಿರಿನ ಹುಳಕ್ಕೆ ಪ್ರಾಜಿಕ್ವಾಂಟೆಲ್, ಆಮೇಲೆ ಒಂದು ವಾರ ಬರೇ ಗಮನಿಸುವುದು. ತಾಮ್ರ ಅಳೆಯುವ ಧೈರ್ಯ ಇಲ್ಲದವರಿಗೆ ಔಷಧಿಯೇ ಇಲ್ಲದ ದಾರಿ ಒಂದಿದೆ. ಮೂರು ಮೂರು ದಿನಕ್ಕೊಮ್ಮೆ ಮೀನನ್ನು ಸಂಪೂರ್ಣ ಒಣಗಿಸಿದ ಹೊಸ ತೊಟ್ಟಿಗೆ, ಹೊಸ ನೀರಿಗೆ ದಾಟಿಸುತ್ತಾ ನಾಲ್ಕು ಸಲ ಬದಲಿಸುವುದು. ಇಳಿದ ಕೋಶಗಳು ಒಡೆಯುವ ಮೊದಲೇ ಮೀನು ಅಲ್ಲಿಂದ ಹೊರಟಿರುತ್ತದೆ. ಎರಡು ಪ್ಲಾಸ್ಟಿಕ್ ಡ್ರಮ್ಮಿನಲ್ಲೇ ಮಾಡಬಹುದು. ವೆಲ್ವೆಟ್‌ಗೆ ಇದು ಸಾಲದು ಎಂಬುದು ಕೊರತೆ. ಕ್ಲೌನ್ ಮೀನಿನ ಮೈ ಲೋಳೆಗಟ್ಟಿ ಸಿಪ್ಪೆ ಎದ್ದರೆ ಅದು ಬ್ರೂಕ್ಲಿನೆಲ್ಲಾ ಎಂಬ ಬೇರೆಯೇ ರೋಗ. ಅದಕ್ಕೆ ತಾಮ್ರವೂ ನಾಟುವುದಿಲ್ಲ, ಫಾರ್ಮಲಿನ್ ಬೇಕು.

ಇನ್ನುಳಿದ ನಂಬಿಕೆಗಳಿಗೆ ಒಂದೊಂದು ಮಾತು ಸಾಕು. ಉಪ್ಪು ಹಾಕಿದರೆ ಬಿಳಿ ಚುಕ್ಕೆ ಹೋಗುತ್ತದೆ, ನೀರು ಬಿಸಿ ಮಾಡಿದರೆ ಹೋಗುತ್ತದೆ ಎನ್ನುವುದು ಗೋಲ್ಡ್ ಫಿಶ್ ಸಾಕಿದವರ ಅನುಭವ. ಸಿಹಿನೀರಿನ ಬಿಳಿ ಚುಕ್ಕೆ ಬೇರೆಯೇ ಜೀವಿ, ಕಡಲ ನೀರಲ್ಲೇ ಹುಟ್ಟಿದ ಇದಕ್ಕೆ ಇನ್ನಷ್ಟು ಉಪ್ಪಿನಿಂದ ಏನೂ ಆಗದು. ಅಂಗಡಿಯಲ್ಲಿ ಹದಿನೈದು ದಿನ ಇತ್ತು ಎನ್ನುವುದು ಕ್ವಾರಂಟೈನ್ ಅಲ್ಲ. ಹಲವು ಅಂಗಡಿಗಳಲ್ಲಿ ಎಲ್ಲ ತೊಟ್ಟಿಗೂ ಒಂದೇ ನೀರು ಸುತ್ತುತ್ತದೆ, ನಿನ್ನೆ ಬಂದ ಮೀನಿನ ರೋಗ ಹದಿನೈದು ದಿನದ ಮೀನಿಗೂ ತಾಗಿರುತ್ತದೆ. ಕ್ಲೀನರ್ ರಾಸ್ ಮೀನು ಚುಕ್ಕೆ ಹೆಕ್ಕಿ ತಿನ್ನುತ್ತದೆ ಎಂದು ತರುವವರಿದ್ದಾರೆ; ಅದು ತಿನ್ನುವುದು ಮೈಮೇಲೆ ಓಡಾಡುವ ಸಣ್ಣ ಹುಳಗಳನ್ನು, ಚರ್ಮದ ಕೆಳಗಿನದ್ದನ್ನಲ್ಲ. ಯುವಿ ದೀಪ ತನ್ನ ಮುಂದೆ ಹಾದುಹೋದ ನೀರಿನಲ್ಲಿರುವುದನ್ನಷ್ಟೇ ಕೊಲ್ಲುತ್ತದೆ. ಸುರತ್ಕಲ್ಲಿನಿಂದ ಕ್ಯಾನಿನಲ್ಲಿ ತಂದ ಕಡಲ ನೀರು ಶುದ್ಧ, ಅದರಲ್ಲಿ ರೋಗ ಇರದು ಎನ್ನುವ ಮಾತಿಗೂ ಆಧಾರವಿಲ್ಲ. ಮಳೆಗಾಲದಲ್ಲಂತೂ ದಡದ ನೀರಿಗೆ ನೇತ್ರಾವತಿ, ಗುರುಪುರ ಹೊಳೆಗಳ ಕೆಂಪು ನೀರು ಸೇರಿ ಉಪ್ಪಿನ ಅಳತೆಯೇ ಕೆಟ್ಟಿರುತ್ತದೆ. ಸಮುದ್ರದ ಉಪ್ಪಿನ ಪುಡಿ ಬೆರೆಸಿಕೊಳ್ಳುವುದೇ ಮೇಲು.

ಶಿರಾಡಿ ಘಾಟಿ ಇಳಿದು ಬರುವ ರಾತ್ರಿ ಬಸ್ಸಿನಲ್ಲಿ ಉಪ್ಪಿನಂಗಡಿಗೋ ನೆಲ್ಯಾಡಿಗೋ ಬಂದ ಮೀನಿನ ಪ್ಯಾಕೆಟಿನ ಬಗ್ಗೆ ಮಾತ್ರ ಇನ್ನೆರಡು ಮಾತು ಹೇಳಬೇಕು. ಚೀಲ ಬಿಚ್ಚಿ ಗಂಟೆಗಟ್ಟಲೆ ಹನಿ ಹನಿ ನೀರು ಸೇರಿಸುತ್ತಾ ಕೂರುವುದು ಮೀನಿಗೆ ಒಳ್ಳೆಯದೆಂದು ಎಲ್ಲರೂ ನಂಬಿದ್ದಾರೆ. ಹತ್ತು ಹನ್ನೆರಡು ಗಂಟೆ ಮುಚ್ಚಿದ ಚೀಲದಲ್ಲಿ ಮೀನು ಬಿಟ್ಟ ಇಂಗಾಲದ ಡೈ ಆಕ್ಸೈಡ್ ನೀರಿನ ಪಿಎಚ್ ಇಳಿಸಿರುತ್ತದೆ, ಅದರಿಂದ ಅಮೋನಿಯಾ ಅಷ್ಟಾಗಿ ವಿಷವಾಗದ ರೂಪದಲ್ಲಿರುತ್ತದೆ. ಚೀಲ ಬಿಚ್ಚಿದೊಡನೆ ಆ ಅನಿಲ ಹಾರಿ ಪಿಎಚ್ ಏರುತ್ತದೆ, ಅದೇ ಅಮೋನಿಯಾ ಮೀನನ್ನು ಸುಡತೊಡಗುತ್ತದೆ. ಕ್ವಾರಂಟೈನ್ ತೊಟ್ಟಿಯ ಉಪ್ಪನ್ನು ಚೀಲದ ನೀರಿಗೆ ಮೊದಲೇ ಹೊಂದಿಸಿ, ಬಿಚ್ಚದ ಚೀಲವನ್ನು ಕಾಲು ಗಂಟೆ ತೇಲಿಸಿ ಬಿಸಿ ಸರಿಮಾಡಿ, ಬಿಚ್ಚಿದ ತಕ್ಷಣ ಮೀನನ್ನು ಮಾತ್ರ ದಾಟಿಸಿ. ಚೀಲದ ನೀರು ತೆಂಗಿನ ಬುಡಕ್ಕೂ ಬೇಡ, ಬಚ್ಚಲಿಗೆ ಹೋಗಲಿ.

ಇಷ್ಟೆಲ್ಲ ಹೇಳಿದ ಮೇಲೂ ಒಂದು ಮಾತಿನ ಮುಂದೆ ನಾನು ಸೋಲುತ್ತೇನೆ. ಅಕ್ವೇರಿಯಂನ ಮೀನು ಸತ್ತರೆ ಮನೆಯವರಿಗೆ ಬರಬೇಕಿದ್ದ ಗಂಡಾಂತರ ಅದು ಹೊತ್ತುಕೊಂಡು ಹೋಯಿತು ಎನ್ನುತ್ತಾರೆ. ಓದಿದವರು ಹೇಳುತ್ತಾರೆ, ವಾಸ್ತು ನೋಡಿ ಟ್ಯಾಂಕಿನ ಮೂಲೆ ಗೊತ್ತು ಮಾಡುವವರು ಹೇಳುತ್ತಾರೆ, ಮಾರುವವರೂ ಹೇಳುತ್ತಾರೆ. ಇದರಷ್ಟು ಹಾನಿ ಮಾಡಿದ ಮಾತು ಈ ಹವ್ಯಾಸದಲ್ಲಿ ಬೇರೆ ಇಲ್ಲ ಎಂದು ನಾನು ನಂಬುತ್ತೇನೆ. ಯಾಕೆಂದರೆ ಉಳಿದ ತಪ್ಪು ಕಲ್ಪನೆಗಳು ತಪ್ಪು ಉತ್ತರ ಕೊಡುತ್ತವೆ. ಇದು ಪ್ರಶ್ನೆಯನ್ನೇ ಅಳಿಸಿಹಾಕುತ್ತದೆ. ಮೀನು ಯಾಕೆ ಸತ್ತಿತು ಎಂದು ಯಾರೂ ಕಿವಿರು ಎತ್ತಿ ನೋಡುವುದಿಲ್ಲ, ಅಮೋನಿಯಾ ಅಳೆಯುವುದಿಲ್ಲ. ಇನ್ನೊಂದು ತಂದು ಅದೇ ನೀರಿಗೆ ಬಿಡುತ್ತಾರೆ, ಅದೂ ಸಾಯುತ್ತದೆ, ಮನೆಗೆ ಇನ್ನೊಂದು ರಕ್ಷೆಯಾಯಿತು ಎಂದು ಸಮಾಧಾನ ಪಡುತ್ತಾರೆ. ಹವಳದ ಬಂಡೆಯಿಂದ ಹಿಡಿದು ತಂದ ಒಂದು ಜೀವ, ವಿಮಾನ, ಬಸ್ಸು ಎಲ್ಲ ದಾಟಿ ನಮ್ಮ ಮನೆಯವರೆಗೆ ಬದುಕಿ ಬಂದದ್ದು, ನಮ್ಮ ಉದಾಸೀನಕ್ಕೆ ಸತ್ತಿದೆ. ಆ ಸಾವಿಗೆ ಪುಣ್ಯದ ಹೆಸರು ಇಡುವುದು ನನಗೆ ಸಹಿಸಲು ಆಗುವುದಿಲ್ಲ.

ಇದೇ ಜನ ತೊಡಿಕಾನದಲ್ಲಿ, ಸುಬ್ರಹ್ಮಣ್ಯದಲ್ಲಿ ದೇವರ ಮೀನುಗಳಿಗೆ ಕೈಮುಗಿದು ಅಕ್ಕಿ ಹಾಕುವವರು. ಹೊಳೆಯ ಮೀನಿಗೆ ಯಾರೂ ಬಲೆ ಹಾಕಬಾರದೆಂದು ತಲೆಮಾರುಗಳಿಂದ ಕಾಪಾಡಿಕೊಂಡು ಬಂದ ನಾಡು ಇದು. ಆ ಕಾಳಜಿ ಮನೆಯ ಗಾಜಿನ ಪೆಟ್ಟಿಗೆಯ ಹತ್ತಿರ ಬರುವಾಗ ಎಲ್ಲಿ ಹೋಗುತ್ತದೆ? ಸಿಹಿನೀರಿನ ಟ್ಯಾಂಕ್ ಬೇಡವೆನಿಸಿದಾಗ ರೋಗದ ಮೀನುಗಳನ್ನೂ ಸೇರಿಸಿ ಕುಮಾರಧಾರಾಕ್ಕೆ ಬಿಟ್ಟು ಜೀವದಾನ ಮಾಡಿದೆ ಎನ್ನುವವರನ್ನೂ ಕಂಡಿದ್ದೇನೆ. ಹೊರದೇಶದ ಮೀನು, ಅದರ ಮೈಯಲ್ಲಿರುವ ಹೊರದೇಶದ ರೋಗ, ಎರಡನ್ನೂ ದೇವರ ಮೀನಿನ ಹೊಳೆಗೆ ಬಿಡುವುದು ಯಾವ ದಾನ?

ಮೀನಿನಿಂದ ಹೊಟ್ಟೆ ಹೊರೆಯುವವರು ಇಂಥ ನಂಬಿಕೆಗಳಲ್ಲಿ ಉಳಿಯಲಾರರು. 1990ರ ದಶಕದ ನಡುವೆ ಬಿಳಿ ಚುಕ್ಕೆ ವೈರಸ್ ಬಂದು ದೇಶದ ಕರಾವಳಿಯುದ್ದಕ್ಕೂ ಸಿಗಡಿ ಹೊಂಡಗಳು ನಾಶವಾದವು. ನಮ್ಮ ಕುಂದಾಪುರ, ಕುಮಟಾ ಕಡೆಯವರೂ ನಷ್ಟ ತಿಂದರು. ಆ ವೈರಸ್‌ಗೂ ನಮ್ಮ ಟ್ಯಾಂಕಿನ ಚುಕ್ಕೆಗೂ ಸಂಬಂಧವಿಲ್ಲ, ಆದರೆ ಬರುವ ದಾರಿ ಒಂದೇ: ಪರೀಕ್ಷಿಸದೆ ತಂದ ಜೀವಿ. 2009ರಿಂದ ಹೊರದೇಶದ ವನ್ನಾಮಿ ತಾಯಿಸಿಗಡಿ ಚೆನ್ನೈಯ ನೀಲಾಂಗರೈನ ಕ್ವಾರಂಟೈನ್ ಕೇಂದ್ರದಲ್ಲಿ ತಂಗದೆ, ಪರೀಕ್ಷೆ ಆಗದೆ ಯಾವ ಹ್ಯಾಚರಿಗೂ ಹೋಗುವಂತಿಲ್ಲ. ಅಲ್ಲಿ ಯಾರೂ ಸಿಗಡಿ ಚೆನ್ನಾಗಿ ತಿನ್ನುತ್ತಿದೆ, ಬಿಟ್ಟುಬಿಡಿ ಎನ್ನುವುದಿಲ್ಲ.

ಈಗಾಗಲೇ ದೊಡ್ಡ ಟ್ಯಾಂಕಿಗೆ ರೋಗ ಹೊಕ್ಕಿದ್ದರೆ ಎಲ್ಲ ಮೀನನ್ನೂ, ಚುಕ್ಕೆ ಇಲ್ಲದ್ದನ್ನೂ, ತೆಗೆದು ಬೇರೆ ತೊಟ್ಟಿಯಲ್ಲಿ ತಾಮ್ರಕ್ಕೆ ಹಾಕಬೇಕು. ದೊಡ್ಡ ಟ್ಯಾಂಕ್ 76 ದಿನ ಮೀನಿಲ್ಲದೆ ಓಡಲಿ, ಹವಳ, ಸಿಗಡಿ, ಬಸವನಹುಳು ಅಲ್ಲೇ ಇರಲಿ. ಕೋಶಗಳು ಒಡೆದು ಬಂದ ಮರಿಗಳಿಗೆ ಮೀನು ಸಿಗದೆ ಅವು ಕೊನೆಯಾಗುತ್ತವೆ. ಆ ನಡುವೆ ಒಂದೇ ಒಂದು ಮೀನು ಬಿಟ್ಟರೂ ಲೆಕ್ಕ ಮತ್ತೆ ಮೊದಲಿನಿಂದ. ಮೀನು ಮಾತ್ರ ರೋಗ ತರುತ್ತದೆ ಎಂದೂ ಭಾವಿಸಬೇಡಿ. ಬಸವನಹುಳುವಿನ ಚಿಪ್ಪು, ಹವಳದ ಬುಡದ ಕಲ್ಲು, ಅಂಗಡಿಯಿಂದ ತಂದ ಪಾಚಿಯ ಗೊಂಚಲು, ಕೋಶ ಎಲ್ಲಿಯೂ ಅಂಟಿಕೊಂಡಿರಬಹುದು. ಹವಳಕ್ಕೆ, ಹುಳುವಿಗೆ ಈ ರೋಗ ಬರುವುದಿಲ್ಲ. ಅವನ್ನೂ ಮೀನಿಲ್ಲದ ತೊಟ್ಟಿಯಲ್ಲಿ ಅಷ್ಟೇ ದಿನ ಇಟ್ಟು ಆಮೇಲೆ ಒಳಗೆ ಬಿಡಿ.